ಪಾತ್ರೆ ತೊಳೆದ ಹೊತ್ತು

ಮಾರ್ಲಿಸ್ ಟೊಲೆಫ್ಸನ್‌ಳ ಮುತ್ತಜ್ಜಿ ಗುರೀನ ನಾರ್ವೆಯಿಂದ ಹಡಗು ಹತ್ತಿ ಬಂದವಳು. ವಿಸ್ಕಾನ್ಸಿನ್ನಿನ ಈ ಗುಡ್ಡಗಳಲ್ಲಿ ಆಗಿನ್ನೂ ಸರಿಯಾದ ದಾರಿಯೂ ಇರಲಿಲ್ಲ. ಯಾವ ಕೊಳ್ಳದಲ್ಲಿ ಯಾವ ಬಸುರಿಗೆ ನೋವು ಕಾಣಿಸಿಕೊಂಡರೂ ಗುರೀನಳಿಗೇ ಕರೆ ಬರುತ್ತಿತ್ತು. ಅವಳು ಮೊಣಕಾಲುದ್ದ ಹಿಮದಲ್ಲಿ ಹೂತು ಎದ್ದು ಹೋಗಿ ಹೆರಿಗೆ ಮಾಡಿಸುವಳು, ಕೂಸಿಗೆ ನೀರು ಹಾಕುವಳು, ಬಾಣಂತಿಗೆ ಗಂಜಿ ಕಾಯಿಸುವಳು, ಕೊನೆಗೆ ಆ ಮನೆಯ ಪಾತ್ರೆಗಳನ್ನೂ ತೊಳೆದು ಬೋರಲು ಹಾಕಿ ಬರುವಳು. ಈ ಸೀಮೆಯ ಅರ್ಧ ಜನ ಮೊದಲ ಉಸಿರು ತೆಗೆದುಕೊಂಡದ್ದು ಅವಳ ಕೈಯಲ್ಲೇ. ನಮ್ಮಜ್ಜನೂ ಅವರಲ್ಲಿ ಒಬ್ಬ.

ಅವಳ ಮಗ ಟೋರ್ಗರ್ ಕಡಿದಾದ ಇಳಿಜಾರಿನಲ್ಲಿ ತಂಬಾಕು ಬೆಳೆದವನು. ಸಿಡಿಲು ಬಡಿದು ಇಗರ್ಜಿ ಸುಟ್ಟುಹೋದಾಗ ತನ್ನ ಕಾಡಿನ ಓಕ್ ಮರಗಳನ್ನು ಕಡಿಸಿ, ತನ್ನ ಕುದುರೆಗಳಿಂದಲೇ ಎಳೆಸಿ ಹೊಸದನ್ನು ನಿಲ್ಲಿಸಿದ. "ದೇವ್ರಿಗೆ ಮೇಲಿನ ಕೋಣೆ ಸಾಕು, ಕೆಳಗೆ ಹೆಂಗಸ್ರಿಗೊಂದು ಅಡಿಗೆಮನೆ ಬೇಕು" ಎಂದು ಹಟ ಹಿಡಿದು ನೆಲಮಾಳಿಗೆಯನ್ನೂ ತೋಡಿಸಿದ. ಆ ನೆಲಮಾಳಿಗೆಯನ್ನು ಮುಂದೆ ರಾಣಿಯ ಹಾಗೆ ಆಳಿದವಳು ಅವನ ಮಗಳು ಬೊರ್ಗಿಲ್ಡ್, ಅಂದರೆ ನಮ್ಮ ಮಾರ್ಲಿಸ್‌ಳ ತಾಯಿ. ಪ್ರತಿ ಅಕ್ಟೋಬರಿನಲ್ಲಿ ಅಲ್ಲಿ ಲೂಟೆಫಿಸ್ಕ್ ಮೀನಿನ ಊಟ ನಡೆಯುತ್ತಿತ್ತು. ಕಂಡಕಂಡ ಊರಿನಿಂದ ಜನ ಬಂದು ಮೆಟ್ಟಿಲ ಮೇಲೆ ಸಾಲು ಹಿಡಿಯುವರು. ಬೊರ್ಗಿಲ್ಡ್‌ಳದು ಒಂದೇ ಕಟ್ಟಳೆ. ಬೇಯಿಸುವುದು ಕೆಲಸ, ಬಡಿಸುವುದು ಕೆಲಸ. ತೊಳೆಯುವುದು ಮಾತ್ರ ಕೆಲಸವಲ್ಲ, ಹರಟೆ. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮನೆಯ ಹೋರಿ ಬೇಲಿ ಹಾರಿತು, ಎಲ್ಲವೂ ಬಿಸಿನೀರಿನ ಹಬೆಯಲ್ಲೇ ಹೊರಬೀಳಬೇಕು. ಅಷ್ಟು ಸುಖದ ಹೊತ್ತನ್ನು ಯಾರಾದರೂ ದುಡಿಮೆ ಅನ್ನುತ್ತಾರೆಯೇ? ಮಾರ್ಲಿಸ್ ಹಾಲಿನ ಡಬ್ಬದ ಪೆಟ್ಟಿಗೆಯ ಮೇಲೆ ನಿಂತು, ಅಮ್ಮನ ಪಕ್ಕದಲ್ಲಿ ಚಮಚ ಒರೆಸುತ್ತ ಬೆಳೆದವಳು.

ಅವಳು ಹಾಲ್ವರ್ ಕೊಳ್ಳದ ವೆಂಡೆಲ್ ಟೊಲೆಫ್ಸನ್‌ನನ್ನು ಮದುವೆಯಾಗಿ ಬಂದಾಗ ಅವನ ಹಟ್ಟಿಯಲ್ಲಿ ಮೂವತ್ತೆಂಟು ಹಸುಗಳಿದ್ದವು. ನಾನು ಹಾಲಿನ ಲಾರಿ ಓಡಿಸುತ್ತಿದ್ದೆ, ಒಂದು ದಿನ ಬಿಟ್ಟು ಒಂದು ದಿನ ಅವರ ಅಂಗಳಕ್ಕೆ ಹೋಗುವವನು. ಕೊಟ್ಟಿಗೆಯೊಳಗೆ ಇಬ್ಬರೂ ಹಾಡಿಕೊಂಡೇ ಹಾಲು ಕರೆಯುತ್ತಿದ್ದರು. ವೆಂಡೆಲ್‌ನ ಹಾಡಿಗೆ ರಾಗವಿರಲಿಲ್ಲ, ಹಸುಗಳೇನೂ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ.

ನಮ್ಮ ಕಡೆ ಹಸು ಸಾಕಿದವನಿಗೆ ಹಾಲಿನ ಡೇರಿಯಿಂದ ಚೆಕ್ಕು ಬರುತ್ತದೆ, ಕಾಯಿಲೆಗೆ ವಿಮೆ ಬರುವುದಿಲ್ಲ. ವಿಮೆ ಬೇಕಾದರೆ ಮನೆಯಿಂದ ಒಬ್ಬರು ಪೇಟೆಗೆ ಹೋಗಿ ಸಂಬಳದ ಕೆಲಸ ಹಿಡಿಯಬೇಕು. ಆಗ ಅವರ ಬೆನ್ನಿಗೆ ಗಂಡ, ಮಕ್ಕಳು ಎಲ್ಲರೂ ಅದೇ ವಿಮೆಯ ಅಡಿಗೆ ಬರುತ್ತಾರೆ. ಬಹಳ ಮನೆಗಳಲ್ಲಿ ಹಾಗೆ ಹೋಗುವವಳು ಹೆಂಡತಿ. ಒಬ್ಬಳು ಬ್ಯಾಂಕಿನಲ್ಲಿರಲಿ, ಇನ್ನೊಬ್ಬಳು ಶಾಲೆಯ ಬಸ್ಸು ಓಡಿಸಲಿ, ಮೇವಿನ ಗಿರಣಿಯಲ್ಲಿ ಗಂಡಸರು ಮಾತಾಡುವುದು ಒಂದೇ ಥರ.

"ನಿನ್ನ ಹೆಂಡ್ತಿ ಏನ್ ಕೆಲ್ಸ ಮಾಡ್ತಾಳೋ?"

"ಇನ್ಶೂರೆನ್ಸ್ ಕೆಲ್ಸ."

ಮದುವೆಯಾಗದೆ ಉಳಿದ ರೈತರಂತೂ ಇಗರ್ಜಿಗೆ ಹೊಸದಾಗಿ ನರ್ಸೋ ಟೀಚರೋ ಬಂದರೆ ಅಂದೇ ತಲೆ ಬಾಚಿಕೊಂಡು ಬರುತ್ತಿದ್ದರು.

ಟೊಲೆಫ್ಸನ್‌ರ ಒಬ್ಬಳೇ ಮಗಳು, ಪುಟ್ಟ ಸಿಗ್ನೆಗೆ ಪ್ರತಿ ಚಳಿಗಾಲವೂ ಕಿವಿ ಸೋರುತ್ತಿತ್ತು. ಒಂದು ಬೆಳಿಗ್ಗೆ ಮಾರ್ಲಿಸ್ ಹಾಲು ಕರೆದು ಮುಗಿಸಿ, ಮೈ ತೊಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬ್ರೆಕ್ಕೆ ಪೇಟೆಯ ಶಾಲೆಗೆ ಹೋದಳು. ಮಧ್ಯಾಹ್ನ ಬರುವಾಗ ಶಾಲೆಯ ಅಡಿಗೆಮನೆಯಲ್ಲಿ ಕೆಲಸ ಸಿಕ್ಕಿತ್ತು. ಸಂಜೆ ಊಟದ ಮೇಜಿನ ಮೇಲೆ ವಿಮೆಯ ಕಾಗದ ಹರಡಿಕೊಂಡು ಕೂತಳು. ವೆಂಡೆಲ್ ಅವಳ ಭುಜದ ಮೇಲಿಂದ ಇಣುಕಿ ನೋಡಿದ. 'ಅವಲಂಬಿತರು' ಎಂಬ ಮಾತಿನ ಕೆಳಗೆ ಸಿಗ್ನೆಯ ಹೆಸರಿತ್ತು, ಅದರ ಮೇಲೆ ಅವನದೇ ಹೆಸರು.

"ಇದೇನೇ ಇದು? ಮಗೀನ ಸಾಲಲ್ಲಿ ನನ್ನೂ ಕೂರ್ಸಿದೀಯ?"

"ಇನ್ನೆಲ್ಲಿ ಕೂರ್ಸ್ಲಿ? ಹಸುಗಳ ಸಾಲಲ್ಲಾ?"

"ಮೂವತ್ತೆಂಟು ಹಸು ಸಾಕ್ತಿರೋ ಗಂಡ್ಸು ಕಣೇ ನಾನು. ಯಾರನ್ನೂ ಅವಲಂಬ್ಸಿಲ್ಲ."

"ಹೌದಾ? ಹಂಗಾದ್ರೆ ನಾಳೆಯಿಂದ ನಿನ್ನ ಕಾಲ್ಚೀಲ ನೀನೇ ಹುಡುಕ್ಕೋ."

ಮರುದಿನ ನಾನು ಹೋದಾಗ ವೆಂಡೆಲ್ ಒಂದು ಕಾಲಿಗೆ ಕಂದು, ಇನ್ನೊಂದಕ್ಕೆ ಬಿಳಿ ಕಾಲುಚೀಲ ಹಾಕಿಕೊಂಡು ನಿಂತಿದ್ದ. ಕೇಳಿದ್ದಕ್ಕೆ ನಡೆದದ್ದನ್ನೆಲ್ಲ ಹೇಳಿಬಿಟ್ಟ. ನಾನು ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಬೇಕಿತ್ತು. ಇಟ್ಟುಕೊಳ್ಳಲಾಗಲಿಲ್ಲ. ಅಂದಿನಿಂದ ಮೇವಿನ ಗಿರಣಿಗೆ ಅವನು ಕಾಲಿಟ್ಟರೆ ಸಾಕು, "ಬಾರಪ್ಪಾ ಅವಲಂಬಿತ! ಹೆಂಡ್ತಿ ಕೇಳಿ ಬಂದ್ಯಾ?" ಎಂದು ಕೂಗು ಏಳುತ್ತಿತ್ತು. ಅವನ ಕಿವಿ ಕೆಂಪಗಾಗುತ್ತಿತ್ತು. ಎಷ್ಟು ವರ್ಷವಾದರೂ ಆ ಒಂದು ಶಬ್ದವನ್ನು ಅವನು ತನ್ನ ಬಾಯಲ್ಲಿ ಆಡಲಿಲ್ಲ.

ಮಾರ್ಲಿಸ್‌ಗೆ ಶಾಲೆಯ ಅಡಿಗೆಮನೆ ಅಮ್ಮನ ನೆಲಮಾಳಿಗೆಯೇ ಆಗಿಹೋಯಿತು. ಅವಳು ಆಲೂಗಡ್ಡೆ ಹಿಸುಕಿ ಟರ್ಕಿ ಕೋಳಿಯ ಗೊಜ್ಜು ಹುಯ್ಯುವ ದಿನ ಮಕ್ಕಳು ಗಂಟೆ ಹೊಡೆಯುವ ಮೊದಲೇ ಬಾಗಿಲಲ್ಲಿ ಒತ್ತುತ್ತಿದ್ದರು. ಬಟಾಣಿ ಬೇಡವೆಂದ ಮಗುವಿನ ತಟ್ಟೆಗೆ ಮೂರೇ ಕಾಳು ಹಾಕಿ, "ಇದು ನಿಂಗೆ, ಇದು ನಿನ್ನ ನಾಯಿಗೆ, ಇದು ನಂಗೆ. ಮೂರೂ ನೀನೇ ತಿನ್ನು" ಅನ್ನುವಳು. ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳನ್ನು ಅದೇ ಶಾಲೆಗೆ ಕಳಿಸಿದರು. ಅವರಿಗೂ ಮೂರೇ ಕಾಳು.

ಊಟ ಮುಗಿದ ಮೇಲೆ ತಟ್ಟೆಗಳನ್ನು ಯಂತ್ರ ತೊಳೆಯುತ್ತಿತ್ತು. ದೊಡ್ಡ ಹಂಡೆ, ಬಾಣಲೆ, ಬೇಯಿಸುವ ಅಗಲ ತಗಡುಗಳು ಯಂತ್ರದೊಳಗೆ ಹಿಡಿಸುವುದಿಲ್ಲ, ಅವನ್ನು ಕೈಯಲ್ಲೇ ಉಜ್ಜಬೇಕು. ಅಡಿಗೆಯವರಿಗೆ ಹಿರಿಯಳಾದ ಲವಾನ್ ಆ ಹೊತ್ತಿಗೆ ನಾಳೆಯ ಸಾಮಾನಿಗೆ ಹೇಳಲು ಮುಂದಿನ ಕೋಣೆಗೆ ಹೋಗಿರುವಳು. ಉಳಿದವರಿಗೆ ಎಳೆಯ ಮಕ್ಕಳಿದ್ದರು, ಅವರು ಮನೆಗೆ ಓಡುವರು. ಮಾರ್ಲಿಸ್ ಕೋಟು ನೇತುಹಾಕುವ ಓಣಿಗೆ ಹೋಗುತ್ತಿದ್ದಳು. ಹಾಜರಿ ಗಡಿಯಾರದಲ್ಲಿ ತನ್ನ ಕಾರ್ಡು ಒತ್ತಿ, ಇವತ್ತಿನ ಕೆಲಸ ಮುಗಿಯಿತು ಎಂದು ಗುರುತು ಹಾಕಿಸಿ, ಆಮೇಲೆ ಒಳಗೆ ಬಂದು ತೋಳು ಮಡಿಸುತ್ತಿದ್ದಳು. ಮೊದಲ ದಿನದಿಂದಲೂ ಹಾಗೆಯೇ. ಅವಳಿಗೆ ಅದರಲ್ಲಿ ಯೋಚಿಸುವಂಥದ್ದೇನೂ ಇರಲಿಲ್ಲ. ತೊಳೆಯುವುದು ಹರಟೆ ತಾನೆ? ಹರಟೆ ಹೊಡೆಯಲು ಯಾರೂ ಸಂಬಳ ಕೇಳುವುದಿಲ್ಲ. ಜೊತೆಗೆ ಯಾರೂ ಇಲ್ಲದ ದಿನ ಹಂಡೆಗಳ ಜೊತೆಯೇ ಮಾತಾಡುವಳು, ಇಲ್ಲವೇ ಗಟ್ಟಿಯಾಗಿ ಹಾಡುವಳು.

ಹೀಗೆ ಇಪ್ಪತ್ತು ವರ್ಷದ ಮೇಲಾಯಿತು. ಸಿಗ್ನೆ ಬೆಳೆದು ಅಪ್ಪನ ಜೊತೆ ಹಟ್ಟಿಯಲ್ಲೇ ನಿಂತಳು. ವೆಂಡೆಲ್‌ನ ಸೊಂಟ ಕೈಕೊಟ್ಟಿತು. ಹಸುಗಳ ಪಕ್ಕದಲ್ಲಿ ಕೂತು ಎದ್ದು ಕೀಲು ಸವೆದು, ಗೂಟ ಸಡಿಲವಾದ ಬೇಲಿಯ ಹಾಗೆ ಓಲಾಡುತ್ತ ನಡೆಯುತ್ತಿದ್ದ. ಡಾಕ್ಟರು ಕೀಲನ್ನೇ ಬದಲಿಸಬೇಕು, ಬೇಸಿಗೆಯಲ್ಲೇ ಮಾಡೋಣ ಎಂದರು.

"ಬೇಸಿಗೇಲಿ ಹುಲ್ಲು ಕುಯ್ಯೋದಿದೆ" ಎಂದ ವೆಂಡೆಲ್.

"ಸರಿ, ಅಕ್ಟೋಬರ್?"

"ಜೋಳ."

"ನವೆಂಬರ್?"

ವೆಂಡೆಲ್ ಡಾಕ್ಟರ ಮುಖವನ್ನು ಅಪರಿಚಿತನನ್ನು ನೋಡುವ ಹಾಗೆ ನೋಡಿದ. "ಜಿಂಕೆ ಬೇಟೆ ಇರುತ್ತಲ್ಲ ಸ್ವಾಮಿ. ನೀವು ಎಲ್ಲಿಯೋರು?"

ಕೊನೆಗೆ ಹೊಸ ವರ್ಷ ಹುಟ್ಟಿದ ಮೇಲೆ ಎಂದು ದಿನ ಗೊತ್ತಾಯಿತು.

ಆ ಅಕ್ಟೋಬರಿನಲ್ಲೇ ಶಾಲೆಗಳ ಮೇಲ್ವಿಚಾರಕ ಡೇಲ್ ಕ್ವಾಮ್ ಮಾರ್ಲಿಸ್‌ಳನ್ನು ತನ್ನ ಕೋಣೆಗೆ ಕರೆಸಿದ. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳಲು ಬಾರದವನು. ಮೊದಲು ಹವಾಮಾನ ಮಾತಾಡಿದ, ಆಮೇಲೆ ಹಸುಗಳ ಕ್ಷೇಮ ವಿಚಾರಿಸಿದ.

"ಮಾರ್ಲಿಸ್, ವಾರಕ್ಕೆ ಮೂವತ್ತು ಗಂಟೆ ದುಡಿದೋರಿಗೆ ಮಾತ್ರ ಇನ್ಶೂರೆನ್ಸು. ಹಿಂದೆ ಯಾರೂ ಅಷ್ಟಾಗಿ ನೋಡ್ತಿರ್ಲಿಲ್ಲ. ಈ ಸಲ ಗಡಿಯಾರದ ಲೆಕ್ಕ ತೆಗ್ದು ನೋಡಿದ್ರು. ನಿಮ್ದು ಕಮ್ಮಿ ಬರುತ್ತೆ."

"ಕಮ್ಮೀನಾ?"

"ಹೊಸ ವರ್ಷದಿಂದ ನೀವೂ ಇರಲ್ಲ, ನಿಮ್ಮ ಹಿಂದೆ ವೆಂಡೆಲ್ಲೂ ಇರಲ್ಲ, ಸಿಗ್ನೇನೂ ಇರಲ್ಲ. ನನ್ನ ಕೈಲಿ ಏನೂ ಇಲ್ಲ. ಬರೋ ಸೋಮವಾರ ಶಾಲಾ ಮಂಡ್ಳಿ ಅದನ್ನ ಮಂಜೂರು ಮಾಡುತ್ತೆ."

"ಆಗ್ಲಿ ಬಿಡಿ" ಎಂದಳು ಮಾರ್ಲಿಸ್. ಕ್ವಾಮ್‌ನ ಮುಖ ನೋಡಲಾರದೆ, "ಕಾಫಿ ಕುಡೀರಿ, ಆರಿ ಹೋಗ್ತಿದೆ" ಎಂದೂ ಹೇಳಿ ಎದ್ದು ಬಂದಳು. ಬಂದವಳು ಎಂದಿನ ಹಾಗೆ ಕಾರ್ಡು ಒತ್ತಿ ಪಾತ್ರೆ ತೊಳೆಯಲು ನಿಂತಳು. ಅವತ್ತು ಹಾಡಲಿಲ್ಲ.

ವಿಮೆ ಇಲ್ಲದೆ ಅಂಥ ಆಪರೇಷನ್ ಮಾಡಿಸುವುದೆಂದರೆ ಹಟ್ಟಿ ಖಾಲಿ ಮಾಡುವುದು. ಮಾಡಿಸದಿದ್ದರೆ ಕರೆಯುವವನಿಲ್ಲದೆ ಹಟ್ಟಿ ಖಾಲಿ. ಎರಡು ದಾರಿಯೂ ಒಂದೇ ಗೇಟಿಗೆ ಹೋಗುತ್ತಿದ್ದವು. ವೆಂಡೆಲ್ ಕೇಳಿ, "ಬುಡು, ಕುಂಟ್ಕೊಂಡೇ ಕರೀತೀನಿ. ಹಸುಗಳೇನು ನನ್ನ ನಡಿಗೆ ನೋಡಿ ಹಾಲು ಕೊಡ್ತವಾ?" ಎಂದ. ಅಷ್ಟು ಹೇಳಿ ಕುರ್ಚಿಯಿಂದ ಏಳಲು ಹೋಗಿ, ಏಳಲಾಗದೆ, ಬೇಕೆಂದೇ ಕೂತವನ ಹಾಗೆ ಪೇಪರು ಎತ್ತಿಕೊಂಡ. ಸಿಗ್ನೆ ಹೇಳಿದಳು, ಪೇಪರು ತಲೆಕೆಳಗಾಗಿತ್ತಂತೆ.

ಮರುದಿನ ಲವಾನ್‌ಗೆ ಸುದ್ದಿ ತಿಳಿಯಿತು. ಸಾಮಾನು ಕೋಣೆಯಿಂದ ದಡದಡನೆ ಬಂದಳು. ದಪ್ಪ ಹೆಂಗಸು, ದೊಡ್ಡ ಗಂಟಲು.

"ನಿನ್ನ ಗಂಟೆ ಹೆಂಗೆ ಕಮ್ಮಿಯಾಯ್ತೇ? ನನ್ಗಿಂತ ಮೊದ್ಲು ಬರ್ತೀಯ. ನಾನು ಹೋಗೋವಾಗ್ಲೂ ಇಲ್ಲೇ ಹಂಡೆಯೊಳಗೆ ತಲೆ ಹಾಕ್ಕೊಂಡಿರ್ತೀಯ!"

"ಅದು ತೊಳಿಯೋದಲ್ವಾ?" ಎಂದಳು ಮಾರ್ಲಿಸ್.

"ತೊಳಿಯೋದಾದ್ರೆ?"

"ಅದನ್ನೂ ಸೇರಿಸ್ತಾರಾ?"

ಲವಾನ್ ಓಣಿಗೆ ಹೋಗಿ ಗಡಿಯಾರ ನೋಡಿದಳು, ಬಂದು ಸಿಂಕು ನೋಡಿದಳು, ಮಾರ್ಲಿಸ್‌ಳನ್ನು ನೋಡಿದಳು. ಆಮೇಲೆ ಒಂದು ಬಾಣಲೆ ಎತ್ತಿ ಮೇಜಿಗೆ ಕುಕ್ಕಿದಳು. "ಅಯ್ಯೋ ಬೊರ್ಗಿಲ್ಡ್! ಸತ್ಮೇಲೂ ಬಿಡ್ಲಿಲ್ವಲ್ಲೇ ನೀನು!" ಎಂದು ಚಾವಣಿ ಕಡೆ ಕೂಗಿ, ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದಳು. ಮಾರ್ಲಿಸ್‌ಗೆ ಮೊದಲು ಕೋಪ ಬಂತು, ಆಮೇಲೆ ಅವಳೂ ನಕ್ಕಳು. ನಕ್ಕು ಕಣ್ಣೊರೆಸಿಕೊಂಡು ಹೇಳಿದಳು: "ಯಾರ್ಗೂ ಹೇಳ್ಬೇಡ. ತೊಳ್ದಿದ್ದಕ್ಕೆ ಲೆಕ್ಕ ಕೇಳೋಕೆ ಹೋದ್ಲು ಅಂದ್ರೆ ಇಗರ್ಜಿಲಿ ತಲೆ ಎತ್ತೋದು ಹೆಂಗೆ?"

"ಇಲ್ಲ, ಯಾರ್ಗೂ ಹೇಳಲ್ಲ" ಎಂದ ಲವಾನ್, ಅವತ್ತು ಮಧ್ಯಾಹ್ನವೇ ನನ್ನ ಲಾರಿಗೆ ಕೈ ಅಡ್ಡ ಹಾಕಿದಳು. ಹಾಲಿನ ಲಾರಿಗೆ ಒಂದು ಸುದ್ದಿ ಕೊಟ್ಟರೆ ಸಂಜೆಯೊಳಗೆ ಅದು ಎಲ್ಲ ಕೊಳ್ಳಗಳನ್ನೂ ಮುಟ್ಟುತ್ತದೆಂದು ಅವಳಿಗೆ ಗೊತ್ತು. ಮುಟ್ಟಿಸಿದೆ.

ಸೋಮವಾರ ಸಂಜೆ. ಶಾಲಾ ಮಂಡಳಿಯ ಸಭೆ ಶಾಲೆಯ ಊಟದ ಕೋಣೆಯಲ್ಲೇ ಕೂಡುವುದು. ಎಂದೂ ಮಂಡಳಿಯವರನ್ನು ಬಿಟ್ಟು ಅಲ್ಲಿಗೆ ಯಾರೂ ಬರುವುದಿಲ್ಲ. ಅವತ್ತು ಕೊಟ್ಟಿಗೆಯಿಂದ ನೇರ ಬಂದವರು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದವರು, ಕೈಯಲ್ಲಿ ಕೂಸು ಹೊತ್ತವರು, ಎಲ್ಲರೂ ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತರು. ಸಗಣಿ ವಾಸನೆಯೂ ಕಾಫಿ ವಾಸನೆಯೂ ಬೆರೆತು ಕೋಣೆ ತುಂಬಿತು. ಬರಿಗೈಯಲ್ಲಿ ಬಂದರೆ ಚೆನ್ನಾಗಿರುವುದಿಲ್ಲವೆಂದು ಹೆಂಗಸರು ಆಲೂಗಡ್ಡೆ ಹಿಟ್ಟಿನ ಲೆಫ್ಸೆ ರೊಟ್ಟಿ, ಮಾಂಸದುಂಡೆ, ಚಾಕೊಲೇಟ್ ಮಿಠಾಯಿ ಎಲ್ಲ ತಂದಿದ್ದರು. ಮಾರ್ಲಿಸ್ ಇದೇನೂ ತಿಳಿಯದೆ, ಸಭೆಗೆ ಕಾಫಿ ಕಾಯಿಸಬೇಕೆಂದು ಲವಾನ್ ಹೇಳಿದ್ದಕ್ಕೆ ಬಂದಿದ್ದಳು. ಅಷ್ಟು ಜನರನ್ನು ಕಂಡು ಕೆಟಲ್ ಹಿಡಿದೇ ಅಡಿಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಳು.

ಮಂಡಳಿಯ ಅಧ್ಯಕ್ಷೆ ಎಲೇನ್ ರುಡ್ ಸುತ್ತಿಗೆ ಕುಟ್ಟಿದಳು. ಕ್ವಾಮ್ ವಿಷಯ ಹೇಳಿದ. "ನಂಗೂ ಬೇಜಾರಿದೆ. ಆದ್ರೆ ಗಡಿಯಾರ ಹೇಳಿದ್ದಷ್ಟೇ ನಮ್ಮ ಕೈಲಿರೋದು" ಎಂದ.

"ಗಡಿಯಾರ ಓಣೀಲಿದೆ, ಸಿಂಕು ಒಳಗಿದೆ!" ಎಂದು ಲವಾನ್ ಕೂತಲ್ಲಿಂದಲೇ ಗುಡುಗಿ, ಮಾರ್ಲಿಸ್ ಕಾರ್ಡು ಒತ್ತಿದ ಮೇಲೆ ತೊಳೆಯುತ್ತಿದ್ದ ವಿಷಯವನ್ನೆಲ್ಲ ಬಿಡಿಸಿ ಹೇಳಿದಳು. "ನಂಬ್ದೆ ಇದ್ರೆ ಇಲ್ಲಿರೋರ್ನ ಕೇಳಿ."

ಮೊದಲು ಎದ್ದವನು ಶಾಲೆಯ ನೆಲ ಒರೆಸುವ ಬಡ್ ಸ್ಟಾಷೆಕ್. ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. "ನಾನು ಓಣಿ ಒರ್ಸೋದು ಈಕೆ ಹಾಡಿನ ಗತ್ತಿಗೆ. ದಿನಾ ಹಾಡ್ತಾಳೆ. ರಜಾ ಹಾಕಿದ ದಿನ ನಂಗೆ ಓಣೀನೇ ಉದ್ದ ಅನ್ಸುತ್ತೆ."

ಬ್ಯಾಂಡ್ ಕಲಿಸುವ ಮೇಡಂ ಎದ್ದಳು. "ಊಟ ಆದ್ಮೇಲಿನ ಕ್ಲಾಸಲ್ಲಿ ಹಂಡೆ ಸದ್ದು ಗೋಡೆ ದಾಟಿ ಬರುತ್ತೆ. ನಮ್ಮ ಡೋಲಿನ ಹುಡ್ಗೀಗಿಂತ ಇವ್ರ ತಾಳಾನೇ ಚೆನ್ನಾಗಿದೆ. ದೂರು ಕೊಡೋಣ ಅಂತಿದ್ದೆ, ಈಗ ವಾಪಸ್ ತಗೊಂಡೆ."

"ತೊಳಿಯೋವಾಗ ಉಳಿದದ್ದನ್ನ ನಮ್ಮ ಹುಡುಗ್ರಿಗೆ ಹಾಕ್ತಾರೆ" ಎಂದ ಕುಸ್ತಿ ಮೇಷ್ಟ್ರು. "ಒಬ್ನೂ ತೂಕದ ಮಿತಿಯೊಳಗಿಲ್ಲ. ಇದೂ ಸಾಕ್ಷಿ ತಾನೆ?"

ಸಭೆಗೆ ಸಭೆಯೇ ನಕ್ಕಿತು. ಮಾರ್ಲಿಸ್ ಬಾಗಿಲಿನಿಂದ ಕೂಗಿದಳು: "ಸಾಕು ಮಾಡ್ರಿ! ಎಲೇನ್, ಇವ್ರ ಮಾತು ಕೇಳ್ಬೇಡ. ನಾನು ಅಲ್ಲಿ ಬರೀ ಹರಟೆ ಹೊಡೀತಿದ್ದೆ!"

"ಯಾರ ಜೊತೆ?" ಎಂದಳು ಎಲೇನ್.

ಮಾರ್ಲಿಸ್ ಯೋಚಿಸಿದಳು. "ಹಂಡೆ ಜೊತೆ."

ಮತ್ತೆ ನಗು. ಅದು ಇಳಿಯುವ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಯಾರೋ ಏಳಲು ಒದ್ದಾಡುವ ಸದ್ದಾಯಿತು. ವೆಂಡೆಲ್. ಸಿಗ್ನೆ ಕೈ ಕೊಟ್ಟಳು, ಅವನು ಹಿಡಿಯಲಿಲ್ಲ. ಬೆಂಚಿಗೆ ಅಂಗೈ ಊರಿ, ಹಲ್ಲು ಕಚ್ಚಿ ನೆಟ್ಟಗೆ ನಿಂತ. ಮೇವಿನ ಗಿರಣಿಯ ಗಂಡಸರೆಲ್ಲ ಅಲ್ಲೇ ಇದ್ದರು. ಅವರ ಕಡೆ ಒಂದು ಸಲ ನೋಡಿದ. ಕಿವಿ ಆಗಲೇ ಕೆಂಪಾಗಿತ್ತು.

"ನಾನು ವೆಂಡೆಲ್ ಟೊಲೆಫ್ಸನ್. ಹೆಚ್ಚು ಮಾತು ಬರಲ್ಲ ನಂಗೆ. ಇವ್ಳು ಮುಂಜಾನೆ ನನ್ನ ಜೊತೆ ಹಾಲು ಕರೀತಾಳೆ, ಆಮೇಲೆ ಇಲ್ಲಿ ಬಂದು ನಿಮ್ಮ ಮಕ್ಕಳಿಗೆ ಉಣ್ಣಿಸ್ತಾಳೆ, ಸಂಜೆ ಮತ್ತೆ ಕರೀತಾಳೆ. ನನ್ನ ಕಾಲ್ಚೀಲ ಎಲ್ಲಿರುತ್ತೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ." ಉಸಿರು ಎಳೆದುಕೊಂಡ. "ನೀವೆಲ್ಲಾ ನನ್ನ ಒಂದು ಹೆಸ್ರಿಂದ ಕರೀತೀರಲ್ಲ, ಅದನ್ನ ಇವತ್ತು ನಾನೇ ಹೇಳ್ತೀನಿ. ನಾನು ಇವ್ಳ ಅವಲಂಬಿತ. ಮದ್ವೆ ಆದ ದಿನದಿಂದ. ಆ ಕಾಗ್ದ ಬರೋಕೂ ಎಷ್ಟೋ ಮೊದ್ಲಿಂದ."

ಆಮೇಲೆ ಗಿರಣಿಯ ಗಂಡಸರಲ್ಲೇ ಒಬ್ಬ ಎದ್ದು, "ನಾನೂ ಅಷ್ಟೇ ಕಣಪ್ಪಾ, ಬ್ಯಾಂಕಿನ ಶಾರ್ಲೀನ್‌ದು!" ಎಂದ. ಇನ್ನೊಬ್ಬ, "ನಾನು ಬಸ್ಸಿನ ರೂತ್‌ದು!" ಎಂದ. ಕೋಣೆಯ ತುಂಬ ಗಂಡಸರು ಒಬ್ಬೊಬ್ಬರೇ ಎದ್ದು ಕೂಗತೊಡಗಿದರು, ಹೆಂಡತಿಯರು ಅವರ ಕೋಟು ಹಿಡಿದು ಕೂರಿಸತೊಡಗಿದರು. ಎಲೇನ್ ಸುತ್ತಿಗೆ ಕುಟ್ಟಿ ಕುಟ್ಟಿ, ಕೊನೆಗೆ ಅದನ್ನು ಕೆಳಗಿಟ್ಟು ತಾನೂ ಕಣ್ಣೊರೆಸಿಕೊಂಡಳು.

ತೊಳೆಯುವುದೂ ಕೆಲಸವೇ ಎಂದು ಮಂಡಳಿ ಒಕ್ಕೊರಲಿನಿಂದ ಒಪ್ಪಿತು. ಕಳೆದ ವರ್ಷದ್ದೂ ಸೇರಿಸಿದರು. ಮಾರ್ಲಿಸ್ ಮೂವತ್ತು ಗಂಟೆಯನ್ನು ದಾಟಿ ಎಷ್ಟೋ ಮುಂದೆ ಹೋಗಿ ಕೂತಿದ್ದಳು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಕ್ವಾಮ್. ಜನವರಿಯಲ್ಲಿ ವೆಂಡೆಲ್‌ಗೆ ಹೊಸ ಕೀಲು ಹಾಕಿದರು, ವಸಂತ ಬರುವ ಹೊತ್ತಿಗೆ ಅವನು ಬೇಲಿ ದಾಟುತ್ತಿದ್ದ. ಆ ನವೆಂಬರಿನಲ್ಲಿ ಹೊಡೆದ ಜಿಂಕೆಯ ಕೊಂಬು ಎಷ್ಟು ದೊಡ್ಡದೆಂದು ಡಾಕ್ಟರಿಗೆ ತಿಳಿಸಿಯೇ ಮಂಪರಿನ ಔಷಧಿ ತೆಗೆದುಕೊಂಡನಂತೆ. ಇರಲಿ, ಅದು ಆಮೇಲಿನ ಮಾತು.

ಆ ಸಂಜೆ ತಿಂದು ಕುಡಿದು ಮುಗಿಯುವ ಹೊತ್ತಿಗೆ ಅಡಿಗೆಮನೆಯಲ್ಲಿ ಬಟ್ಟಲು, ತಟ್ಟೆ, ಹಂಡೆಗಳು ಗುಡ್ಡ ಬಿದ್ದಿದ್ದವು. ಯಂತ್ರವನ್ನು ಸಂಜೆ ಹಚ್ಚುವುದಿಲ್ಲ. ಮಾರ್ಲಿಸ್ ಕೆಟಲ್ ಕೆಳಗಿಟ್ಟಳು, ಓಣಿಗೆ ಹೋದಳು. ಅವಳು ಕಾರ್ಡು ಒತ್ತಿದ ಟಕ್ ಸದ್ದು ಊಟದ ಕೋಣೆಯವರೆಗೂ ಕೇಳಿಸಿತು. ಅವಳು ಹಿಂದಿರುಗುವಷ್ಟರಲ್ಲಿ ಲವಾನ್, ಎಲೇನ್, ಲೆಫ್ಸೆ ತಂದಿದ್ದ ಹೆಂಗಸರೆಲ್ಲ ತೋಳು ಮಡಿಸಿ ಸಿಂಕನ್ನು ಮುತ್ತಿಕೊಂಡಿದ್ದರು. ಅವರ ನಡುವೆ ವೆಂಡೆಲ್, ಒಂದು ಕೈ ಮೇಜಿಗೆ ಊರಿ, ಇನ್ನೊಂದು ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದ.

ಮಾರ್ಲಿಸ್ ಸೊಂಟದ ಮೇಲೆ ಕೈಯಿಟ್ಟಳು.

"ನಡೀರಿ, ನಡೀರಿ ಎಲ್ಲಾ ಆಚೆ! ಲವಾನ್, ಆ ಹಂಡೆ ಬಿಡು. ಇಷ್ಟು ದಿನ ಹರಟೆಯಾಗಿತ್ತು, ಬಂದೋರೆಲ್ಲಾ ಕೈ ಹಾಕ್ಬೋದಿತ್ತು. ಈಗ ನೀವೇ ಇದನ್ನ ಕೆಲ್ಸ ಮಾಡಿದ್ದೀರ, ಗಡಿಯಾರ ಓಡ್ತಾ ಇದೆ, ನಾನೊಬ್ಳೇ ತೊಳೀತೀನಿ. ವೆಂಡೆಲ್, ನೀನೂ ಬಟ್ಟೆ ಕೆಳಗಿಡು. ನೀನು ಅವಲಂಬಿತ. ಹೋಗಿ ಕೂತ್ಕೋ."